ಕೊಟ್ಟಿಗೆ ಕಾಟೇಜಾಯಿತು, ಒಂದು ಗೋಡೆ ಮಾತ್ರ ಒಪ್ಪಲಿಲ್ಲ

"ದಯವಿಟ್ಟು ಮಂಚವನ್ನು ಗೋಡೆಗೆ ತಾಗಿಸಬೇಡಿ." ಎರಡು ವರ್ಷ ಈ ಚೀಟಿ ಕಾಟೇಜಿನ ಮಲಗುವ ಕೋಣೆಯಲ್ಲಿ ಅಂಟಿಕೊಂಡಿತ್ತು. ಬರೆದವನು ನಾನೇ. ಗೋಡೆ ರಿಪೇರಿ ಮಾಡಲು ಬಾರದವನು ಚೀಟಿ ಬರೆಯುತ್ತಾನೆ, ಅಷ್ಟೇ. ತಾಗಿಸಿದರೆ ಹಾಸಿಗೆಯ ಅಂಚು ತೇವ ಹಿಡಿಯುತ್ತಿತ್ತು. ಗೋಡೆ ಬದಿಗೆ ಇಟ್ಟ ಚರ್ಮದ ಬ್ಯಾಗು ನಾಲ್ಕು ದಿನದಲ್ಲಿ ಬೂಷ್ಟು ಹಿಡಿದಿತ್ತು. ಆ ಬ್ಯಾಗಿನವರು ಏನೂ ಬೈಯಲಿಲ್ಲ. ಬ್ಯಾಗನ್ನು ಬಿಸಿಲಲ್ಲಿ ಒಣಗಿಸಿ, ಒರೆಸಿ, ಹೊರಟುಹೋದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತೇನೋ.

ಜಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಕ್ಕ, ಭಾವ ಹೊಲ ಮಾಡಿಕೊಂಡು ಹಸು ಸಾಕಿಕೊಂಡು ಇದ್ದಾರೆ. ಸಮುದ್ರ ನಡೆದು ಹೋದರೆ ಹದಿನೈದು ನಿಮಿಷ. ಹೊಸ ಕೊಟ್ಟಿಗೆ ಕಟ್ಟಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು, ಅದನ್ನೇ ಕಾಟೇಜು ಮಾಡಿದೆವು. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಬಂದವರು ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ಮಕ್ಕಳನ್ನು ಕರುಗಳ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಸಂಜೆ ಸಮುದ್ರಕ್ಕೆ ಇಳಿಯುತ್ತಾರೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಮೇಲೆ ಹೆಂಚು. ಕಟ್ಟಡ ಗಟ್ಟಿ. ಪಡುವಣ ದಿಕ್ಕಿನ ಗೋಡೆಯ ಕೆಳಗಿನ ಎರಡಡಿ ಮಾತ್ರ ಯಾವಾಗಲೂ ಕಪ್ಪಗೆ, ತಣ್ಣಗೆ ಇರುತ್ತಿತ್ತು.

ಈಗ ನನ್ನ ಮೊದಲ ರಿಪೇರಿ. ಹಳೆಯ ಸುಣ್ಣದ ಗಿಲಾವು ಪುಡಿಪುಡಿ ಆಗಿ ಉದುರುತ್ತಿತ್ತು. ನಾನು ಜಾಣ ಅಲ್ವಾ, ಅದನ್ನು ಕೆರೆದು ಹಾಕಿ, ನೀರು ತಡೆಯುವ ಮದ್ದು ಬೆರೆಸಿದ ಸಿಮೆಂಟಿನಲ್ಲಿ ಗಿಲಾವು ಮಾಡಿಸಿದೆ. ಮೇಲೆ ತೇವ ನಿರೋಧಕ ಪೇಂಟು ಎರಡು ಕೋಟು. ಮೂರು ತಿಂಗಳು ಗೋಡೆ ಕನ್ನಡಿ ಹಾಗಿತ್ತು. ಎಲ್ಲರಿಗೂ ಕರೆದು ತೋರಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪೇಂಟು ಅಂಗೈ ಅಗಲ ಉಬ್ಬಿತ್ತು. ಒಂದು ಉಬ್ಬನ್ನು ಉಗುರಲ್ಲಿ ಚುಚ್ಚಿದೆ. ಒಂದು ಚಮಚೆಯಷ್ಟು ನೀರು ಸುರಿಯಿತು, ಅದರ ಹಿಂದೆಯೇ ಬಿಳಿ ಹಿಟ್ಟಿನಂಥ ಪುಡಿ. ತೇವದ ಗೆರೆ ಎರಡಡಿಯಿಂದ ಮೂರೂವರೆ ಅಡಿಗೆ ಏರಿತ್ತು. ಆ ಬಿಳಿ ಪುಡಿಯ ಬಗ್ಗೆ ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹೆಂಚು ಸೋರುತ್ತಿದೆ ಅಂದುಕೊಂಡೆ.

ಹೆಂಚು ಸೋರುತ್ತಿರಲಿಲ್ಲ. ಮಾಡಿನ ಮೇಲೆ ಹತ್ತಿ, ಆ ಬದಿಯ ಹೆಂಚನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದೆ. ರೀಪು ಎಲ್ಲಾ ಒಣಗಿಯೇ ಇತ್ತು. ಪೈಪು ಇರಬಹುದೇ ಎಂದು ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಮೀಟರು ನೋಡಿದೆ. ಬೆಳಗಿನವರೆಗೆ ಮುಳ್ಳು ಅಲುಗಲಿಲ್ಲ. ಆಮೇಲೆ ತೇವ ಅಳೆಯುವ ಮೀಟರು ತಂದೆ, ಎರಡು ಸೂಜಿ ಚುಚ್ಚಿ ನೋಡುವಂಥದ್ದು. ಆ ಗೋಡೆಯಲ್ಲಿ ಎಲ್ಲಿ ಚುಚ್ಚಿದರೂ ಕೊನೆಯ ಅಂಕಿ, ಕೈಗೆ ಪೂರ್ತಿ ಒಣಗಿದಂತೆ ಕಾಣುವ ಜಾಗದಲ್ಲೂ ಅದೇ. ಮೀಟರು ಕೆಟ್ಟಿದೆ ಎಂದು ಬೈದೆ. ಕೆಟ್ಟಿರಲಿಲ್ಲ. ಈ ಮೀಟರು ನೀರನ್ನು ನೇರವಾಗಿ ಅಳೆಯುವುದಿಲ್ಲ, ಎರಡು ಸೂಜಿಗಳ ನಡುವೆ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅಳೆಯುತ್ತದೆ. ಗೋಡೆಯಲ್ಲಿ ಉಪ್ಪಿದ್ದರೆ ಸ್ವಲ್ಪ ಪಸೆಗೇ ಕರೆಂಟು ಜೋರಾಗಿ ಹರಿದು, ಮೀಟರು ಕೂಗಿಕೊಳ್ಳುತ್ತದೆ. ಅಂದರೆ ಸುಳ್ಳು ಹೇಳುತ್ತಲೇ ಅದು ನಿಜ ಹೇಳುತ್ತಿತ್ತು, ನನಗೆ ಅರ್ಥವಾಗಲಿಲ್ಲ.

ಸುಳಿವು ಕೊಟ್ಟವಳು ಅಕ್ಕ. ಬಟ್ಟೆ ಒಣಗಿಸುತ್ತಾ ಸುಮ್ನೆ ಅಂದಳು, "ಮಳೆ ಬರೋ ಮೊದಲೇ ಆ ಗೋಡೆಗೆ ಗೊತ್ತಾಗುತ್ತೆ ಕಣೋ. ಹಿಂದಿನ ದಿನವೇ ಬೆವರುತ್ತೆ."

ನಾನು ನಕ್ಕೆ. ಆಮೇಲೆ ನಗು ನಿಂತಿತು. ಸೋರಿಕೆ ಆಗಿದ್ದರೆ ಮಳೆ ಬಂದ ಮೇಲೆ ಒದ್ದೆ ಆಗಬೇಕು. ನೆಲದಿಂದ ನೀರು ಏರುತ್ತಿದ್ದರೆ ದಿನದಿಂದ ದಿನಕ್ಕೆ ಅಷ್ಟೊಂದು ವ್ಯತ್ಯಾಸ ಆಗಬಾರದು. ಮಳೆಗೆ ಮುಂಚೆ ಒದ್ದೆ, ಒಣ ಗಾಳಿ ಬೀಸಿದರೆ ಮಧ್ಯಾಹ್ನದೊಳಗೆ ಮಾಯ. ಈ ಗೋಡೆ ನೀರು ಕುಡಿಯುತ್ತಿರುವುದು ನೆಲದಿಂದ ಅಲ್ಲ, ಗಾಳಿಯಿಂದ.

ಸರಿ, ಸಮುದ್ರದ ಉಪ್ಪು ಎಂದುಕೊಂಡೆ. ಆದರೆ ಹಾಗಾದರೆ ನಾಲ್ಕೂ ಗೋಡೆ ಹೀಗೇ ಇರಬೇಕು, ಗಾಳಿಗೆ ಮೈಯೊಡ್ಡಿದ ಹೊರಮೈ ಇನ್ನೂ ಜಾಸ್ತಿ. ಇದು ಒಳಗೆ, ಒಂದೇ ಗೋಡೆ, ಅದೂ ಕೆಳಗೆ ಮಾತ್ರ. ರಾತ್ರಿ ಊಟದ ಹೊತ್ತಿಗೆ ಇದನ್ನೇ ಭಾವನ ಹತ್ತಿರ ಕೊರೆಯುತ್ತಿದ್ದೆ.

"ಅಲ್ಲಿ ಮೊದಲು ಏನಿತ್ತು ಭಾವ? ಗೋದಲಿಯಾ?"

"ಗೋದಲಿ ಈ ಕಡೆ. ಅದು ಹಸುಗಳ ಹಿಂಭಾಗ. ಗಂಜಲದ ಕಾಲುವೆ ಆ ಗೋಡೆ ಬುಡದಲ್ಲೇ ಹೋಗ್ತಿತ್ತು ನೋಡು."

ಎಷ್ಟು ವರ್ಷ ಹೋಗುತ್ತಿತ್ತು ಎಂದು ಕೇಳಿದೆ. ತಾನು ಹುಟ್ಟುವ ಮೊದಲಿನಿಂದ ಅಂದರು.

ಗಂಜಲದಲ್ಲಿ ಯೂರಿಯಾ ಇರುತ್ತದೆ. ಅದು ಅಮೋನಿಯಾ ಆಗುತ್ತದೆ, ಮಣ್ಣಿನ ಮತ್ತು ಗೋಡೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಗೋಡೆಯ ಸುಣ್ಣದ ಜೊತೆ ಸೇರಿ ಅದು ಕ್ಯಾಲ್ಸಿಯಂ ನೈಟ್ರೇಟ್ ಆಗಿ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಹಿಂದೆ ಮದ್ದಿನ ಪುಡಿ ಮಾಡಲು ಬೇಕಾದ ಪೆಟ್ಲುಪ್ಪಿಗಾಗಿ ಕೊಟ್ಟಿಗೆ, ಲಾಯಗಳ ಗೋಡೆ ಕೆರೆಯುತ್ತಿದ್ದರು ಎಂದು ಶಾಲೆಯಲ್ಲಿದ್ದಾಗ ಓದಿದ್ದೆ. ಆ ಓದು ಇಷ್ಟು ವರ್ಷದ ಮೇಲೆ ಮಲಗುವ ಕೋಣೆಯಲ್ಲಿ ಎದುರಾಗುತ್ತದೆ ಅಂದುಕೊಂಡಿರಲಿಲ್ಲ. ಉಪ್ಪುಗಳಿಗೆಲ್ಲ ಒಂದೊಂದು ಮಿತಿ ಇದೆ. ಗಾಳಿಯ ತೇವಾಂಶ ಆ ಮಿತಿ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಅಡುಗೆ ಉಪ್ಪಿಗೆ ಅದು ಶೇಕಡ 75ರ ಹತ್ತಿರ. ಕ್ಯಾಲ್ಸಿಯಂ ನೈಟ್ರೇಟಿಗೆ 50ರಿಂದ 55 ಸಾಕು. ಸಮುದ್ರದ ಪಕ್ಕದ ಊರಲ್ಲಿ ತೇವಾಂಶ 55ಕ್ಕಿಂತ ಕಡಿಮೆ ಇರುವ ದಿನ ಎಷ್ಟು ಬರುತ್ತವೆ? ಗೋಡೆ ಬೆವರದೆ ಇನ್ನೇನು ಮಾಡುತ್ತದೆ!

ಆದರೂ ಒಂದು ಸಲ ತಪ್ಪಿದವನು, ಈ ಸಲ ಪರೀಕ್ಷೆ ಮಾಡಿಯೇ ಮುಂದೆ ಹೋಗೋಣ ಎಂದುಕೊಂಡೆ. ಮೀನಿನ ತೊಟ್ಟಿಯ ನೀರು ನೋಡಲು ನೈಟ್ರೇಟ್ ಪಟ್ಟಿಗಳು ಸಿಗುತ್ತವೆ, ಅದರ ಒಂದು ಡಬ್ಬಿ ತಂದೆ. ಗೋಡೆಯಲ್ಲಿ ಮೇಲಿನ 1 ಸೆಂಟಿಮೀಟರು, ಆಮೇಲೆ 3, ಆಮೇಲೆ 5, ಹೀಗೆ ಡ್ರಿಲ್ಲಿನಿಂದ ಪುಡಿ ತೆಗೆದು ಬೇರೆಬೇರೆ ಲೋಟದಲ್ಲಿ ಶುದ್ಧ ನೀರಿಗೆ ಹಾಕಿ ಕದಡಿ, ತಿಳಿಯಾದ ಮೇಲೆ ಪಟ್ಟಿ ಅದ್ದಿದೆ. ಮೂರೂ ಪಟ್ಟಿ ಗಾಢ ಗುಲಾಬಿ. ಎದುರಿನ ಗೋಡೆಯ ಪುಡಿಗೆ ಬಣ್ಣ ಬಂದೂ ಬಾರದ ಹಾಗೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಚೆನ್ನ, ಯಾರು ಬೇಕಾದರೂ ಮಾಡಬಹುದು. ಎರಡು ಗೋಡೆಯಿಂದಲೂ ಗಾರೆಯ ಚೂರು ತೆಗೆದು, ಚೆನ್ನಾಗಿ ಒಣಗಿಸಿ, ತಲಾ 100 ಗ್ರಾಂ ತೂಗಿದೆ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯ ತಳದಲ್ಲಿ ಅಡುಗೆ ಉಪ್ಪನ್ನು ನೀರಿನಲ್ಲಿ ಕೆಸರಿನ ಹದಕ್ಕೆ ಕಲಸಿ ಇಟ್ಟೆ. ಇಂಥ ಉಪ್ಪಿನ ಕೆಸರು ಮುಚ್ಚಿದ ಡಬ್ಬಿಯೊಳಗಿನ ತೇವಾಂಶವನ್ನು ಶೇಕಡ 75ರಲ್ಲೇ ಹಿಡಿದಿಡುತ್ತದೆ. ಚೂರುಗಳನ್ನು ಕೆಸರಿಗೆ ತಾಗದ ಹಾಗೆ ಬಟ್ಟಲಲ್ಲಿ ಒಳಗಿಟ್ಟೆ. ಒಂದು ವಾರದ ಮೇಲೆ ಎದುರಿನ ಗೋಡೆಯದು ಅರ್ಧ ಗ್ರಾಮೂ ಏರಿರಲಿಲ್ಲ. ಹಾಳು ಗೋಡೆಯದು 104 ಗ್ರಾಂ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಒಂದು ಹನಿ ನೀರು ಮುಟ್ಟದೆ ನಾಲ್ಕು ಗ್ರಾಂ ನೀರು ಕುಡಿದಿತ್ತು. ಆ ಬಟ್ಟಲನ್ನು ಭಾವನಿಗೆ ತೋರಿಸಿದೆ. ಅವರು ಮೂಸಿ ನೋಡಿ, "ವಾಸನೆ ಇಲ್ವಲ್ಲ" ಅಂದರು.

ಇಷ್ಟಾದ ಮೇಲೆ ಕೆಲಸ ಏನು ಎಂಬುದು ಸ್ಪಷ್ಟವಾಯಿತು. ಉಪ್ಪನ್ನು ಒಳಗೆ ಮುಚ್ಚಿಡಲು ಆಗುವುದಿಲ್ಲ. ಮುಚ್ಚಿದರೆ ಪೇಂಟಿನ ಹಿಂದೆ ಸೇರಿ, ಹರಳುಗಟ್ಟಿ, ಪೇಂಟನ್ನೂ ಗಿಲಾವನ್ನೂ ತಳ್ಳಿಕೊಂಡು ಬರುತ್ತದೆ, ಆಗದಿದ್ದರೆ ಇನ್ನೂ ಮೇಲಕ್ಕೆ ಹತ್ತುತ್ತದೆ. ನನ್ನ ಸಿಮೆಂಟು ಮಾಡಿದ್ದು ಅದನ್ನೇ. ಅದು ಹೊರಗೆ ಬರಲಿ, ನಮಗೆ ತೊಂದರೆ ಇಲ್ಲದ ಜಾಗದಲ್ಲಿ ಬರಲಿ, ಬಂದದ್ದನ್ನು ಗುಡಿಸಿ ಎಸೆಯುವ ಹಾಗಿರಲಿ. ಹಳೆಯ ಸುಣ್ಣದ ಗಿಲಾವು ಪುಡಿಯಾಗಿ ಉದುರುತ್ತಿತ್ತಲ್ಲ, ಅದು ಕೆಟ್ಟುಹೋಗಿ ಉದುರುತ್ತಿರಲಿಲ್ಲ, ಅದರ ಕೆಲಸ ಅದು ಮಾಡುತ್ತಿತ್ತು. ನಾನೇ ಅದನ್ನು ಕೆರೆದು ಹಾಕಿದ್ದೆ.

ಬುಕಿಂಗ್ ಇಲ್ಲದ ಎರಡೂವರೆ ತಿಂಗಳು ನೋಡಿಕೊಂಡು ಶುರು ಮಾಡಿದೆವು. ಮೊದಲು ಸಿಮೆಂಟು ತೆಗೆಯಬೇಕು. ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ, ಅಂದರೆ ಐದಡಿ ಎತ್ತರಕ್ಕೆ. ಉಳಿ, ಸುತ್ತಿಗೆ, ನಾಲ್ಕು ದಿನ. ಮಷಿನ್ನು ಹಚ್ಚಿದರೆ ಬೇಗ ಆಗುತ್ತಿತ್ತು, ಆದರೆ ಸಿಮೆಂಟು ಕಲ್ಲಿಗೆ ಎಷ್ಟು ಗಟ್ಟಿಯಾಗಿ ಕಚ್ಚಿತ್ತು ಅಂದರೆ ಕೆಲವು ಕಡೆ ಕಲ್ಲಿನ ಮುಖವೇ ಚಕ್ಕೆ ಎದ್ದು ಬಂತು. ಮೃದು ಗೋಡೆಗೆ ಗಟ್ಟಿ ಗಿಲಾವು ಹಾಕಿದರೆ ಕೊನೆಗೆ ಸೋಲುವುದು ಗೋಡೆ. ಕಲ್ಲಿನ ಸಂದಿಯ ಹಳೆ ಗಾರೆ ಒಂದು ಇಂಚು ಆಳಕ್ಕೆ ಒದ್ದೆ ಮಣ್ಣಿನ ಹಾಗಿತ್ತು, ಅದನ್ನು ಚಾಕುವಿನಲ್ಲಿ ಕೆದಕಿದೆ.

ಇಲ್ಲಿ ಎರಡನೆಯ ತಪ್ಪು. ಧೂಳು ಜಾಸ್ತಿ ಆಯಿತೆಂದು ಪೈಪು ಹಿಡಿದು ಮೂರಡಿ ಗೋಡೆ ತೊಳೆದುಬಿಟ್ಟೆ. ತೊಳೆದ ನೀರಿನ ಜೊತೆ ಮೇಲಿನ ಉಪ್ಪೆಲ್ಲ ಕರಗಿ ಮತ್ತೆ ಒಳಗೆ ಹೋಯಿತು. ಆ ಮೂರಡಿ ಇವತ್ತಿಗೂ ಉಳಿದ ಗೋಡೆಗಿಂತ ಹಿಂದೆ ಇದೆ. ಉಪ್ಪಿನ ಗೋಡೆಗೆ ಒಣ ಬ್ರಶ್ಶೇ ಸರಿ. ಮುಖಕ್ಕೆ ಮಾಸ್ಕು ಹಾಕಿಕೊಳ್ಳಿ, ಉದುರಿದ ಪುಡಿಯನ್ನು ಚೀಲಕ್ಕೆ ತುಂಬಿ ದೂರ ಸಾಗಿಸಿ. ಬಾಗಿಲ ಹೊರಗೆ ಗುಡಿಸಿದರೆ ಮೊದಲ ಮಳೆಗೆ ಅದೇ ಉಪ್ಪು ಗೋಡೆ ಬುಡಕ್ಕೆ ವಾಪಸು.

ಗೋಡೆ ಬರಿಮೈ ಆಗಿದ್ದಾಗ ಭಾವ ಹೊರಗಿನ ಕೆಲಸ ಹಿಡಿದುಕೊಂಡರು. ವರ್ಷಗಳಿಂದ ಗೊಬ್ಬರ, ಹುಲ್ಲು, ಮಣ್ಣು ಬಿದ್ದು ಬಿದ್ದು ಆ ಬದಿಯ ಅಂಗಳ ಒಳಗಿನ ನೆಲಕ್ಕಿಂತ ಐದು ಇಂಚು ಮೇಲೆ ಬಂದಿತ್ತು. ಯಾರ ಗಮನಕ್ಕೂ ಬಂದಿರಲಿಲ್ಲ, ದಿನಾ ನೋಡುವವರಿಗೆ ಕಾಣುವುದಿಲ್ಲ. ಟ್ರ್ಯಾಕ್ಟರಿನ ಬಕೆಟ್ಟಿನಲ್ಲಿ ಒಂದು ಅಡಿಗೂ ಜಾಸ್ತಿ ಕೆರೆದು, ಅಂಗಳವನ್ನು ಒಳಗಿನ ನೆಲಕ್ಕಿಂತ ಎಂಟು ಇಂಚು ಕೆಳಗೆ ಇಳಿಸಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟರು. ಗೋಡೆ ಬುಡದಲ್ಲಿ ಒಂದಡಿ ಅಗಲದ ಜಲ್ಲಿ ಕಾಲುವೆ. ಸೂರಿನ ನೀರು ನೆಲಕ್ಕೆ ಬಡಿದು ಗೋಡೆಗೆ ಎರಚುತ್ತಿದ್ದದ್ದಕ್ಕೆ ದೋಣಿ ಪೈಪು. ಕರುಗಳನ್ನು ಅಲ್ಲಿ ಕಟ್ಟುವುದು ಬಂದ್. ಈ ಕೊನೆಯದಕ್ಕೆ ಮಾತ್ರ ಮನೆಯಲ್ಲಿ ವಾದ ಆಯಿತು, ಯಾಕೆಂದರೆ ಬಂದವರ ಮಕ್ಕಳು ಕಿಟಕಿಯಿಂದ ಕರು ನೋಡಲಿ ಎಂದೇ ಅಕ್ಕ ಅಲ್ಲಿ ಕಟ್ಟುತ್ತಿದ್ದಳು. ಹೊಸ ಗಂಜಲ ಬೀಳುತ್ತಾ ಇದ್ದರೆ ಹಳೆ ಉಪ್ಪು ತೆಗೆದು ಏನು ಪ್ರಯೋಜನ?

ಒಳಗೆ ನಾನು ಗೋಡೆಗೆ ಪಟ್ಟು ಹಾಕಿದೆ. ಗಾಯಕ್ಕೆ ಹಾಕುವ ಹಾಗೇ. ಹಳೆ ಕಾಗದ ನೆನೆಸಿ ರುಬ್ಬಿದ ತಿರುಳು ಒಂದು ಪಾಲು, ನುಣುಪು ಜೇಡಿಮಣ್ಣು ಎರಡು, ತೊಳೆದ ಮರಳು ಎರಡು, ಮಳೆನೀರಿನಲ್ಲಿ ಕಲಸಿದ್ದು. ಬಾವಿ ನೀರು ಬೇಡ, ಅದರಲ್ಲೂ ಸ್ವಲ್ಪ ಉಪ್ಪಿರುತ್ತದೆ. ಗೋಡೆಗೆ ತುಂತುರು ಹೊಡೆದು, ಎರಡು ಸೆಂಟಿಮೀಟರು ದಪ್ಪಕ್ಕೆ ಕೈಯಲ್ಲೇ ಒತ್ತಿ ಮೆತ್ತಿದೆ. ಪಟ್ಟಿನ ನೀರು ಗೋಡೆಯೊಳಗೆ ಹೋಗಿ ಉಪ್ಪು ಕರಗಿಸುತ್ತದೆ. ಪಟ್ಟು ಹೊರಗಿನಿಂದ ಒಣಗುತ್ತಾ ಬಂದ ಹಾಗೆ ಆ ಉಪ್ಪುನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗಲು ಬಿಡಬೇಕು, ಅವಸರ ಮಾಡಬಾರದು. ಹದಿನೆಂಟನೇ ದಿನ ಅದು ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತು, ಕರಣೆ ತಾಗಿಸಿದರೆ ರೊಟ್ಟಿ ಎದ್ದ ಹಾಗೆ ಎದ್ದು ಬಂತು. ಹಿಂಭಾಗಕ್ಕಿಂತ ಮುಂಭಾಗದಲ್ಲೇ ಬಿಳಿ ಜಾಸ್ತಿ. ಅದನ್ನು ನೀರಿಗೆ ಹಾಕಿ ಪಟ್ಟಿ ಅದ್ದಿದರೆ ಬಣ್ಣ ಡಬ್ಬಿಯ ಮೇಲಿನ ಕೊನೆಯ ಚೌಕವನ್ನೂ ದಾಟಿತ್ತು. ಖುಷಿಯಾಗಿ ಇನ್ನೊಂದು ಸುತ್ತು ಹಾಕಿದೆ. ಎರಡನೇ ಸಲ ಬಣ್ಣ ಅರ್ಧಕ್ಕೆ ಇಳಿದಿತ್ತು. ಮೂರನೆಯದು ಹಾಕಲಿಲ್ಲ. ಒಂದೂವರೆ ಅಡಿ ದಪ್ಪ ಗೋಡೆಯ ಹೊಟ್ಟೆಯಲ್ಲಿರುವುದನ್ನೆಲ್ಲ ಎರಡು ಸೆಂಟಿಮೀಟರು ಪಟ್ಟಿನಿಂದ ಎಳೆಯಲು ಆಗುವುದಿಲ್ಲ, ಮೈಮೇಲಿನದು ಬಂದರೆ ಸಾಕು.

ಈಗ ಗಿಲಾವು. ಇದಕ್ಕೆ ವಯಸ್ಸಾದ ಒಬ್ಬ ಮೇಸ್ತ್ರಿ ಸಿಕ್ಕಿದರು. ನಾನು ಸುಣ್ಣ ಅಂದ ಕೂಡಲೇ ಮುಖ ನೋಡಿದರು.

"ಸಿಮೆಂಟಾದ್ರೆ ಸಂಜೆಗೆ ಮುಗಿಸಿ ಹೋಗ್ತಿದ್ದೆ ಸ್ವಾಮಿ."

"ಮುಗಿಸಿದ್ದೆ ಮೇಸ್ತ್ರಿಗಳೇ, ನಾನೇ. ಅದನ್ನೇ ಈಗ ನಾಲ್ಕು ದಿನ ಒಡೆದದ್ದು."

ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟ, ಮೊಸರಿನ ಹಾಗೆ ಹದವಾದ ಸುಣ್ಣ ಒಂದು ಪಾಲು, ಒರಟು ಮರಳು ಮೂರು ಪಾಲು. ಸಮುದ್ರದ ಮರಳು ಹತ್ತಿರದಲ್ಲೇ ಇದೆ ಎಂದು ಮುಟ್ಟಲು ಹೋಗಬೇಡಿ, ಉಪ್ಪನ್ನು ತೆಗೆಯಲೆಂದೇ ಇಷ್ಟೆಲ್ಲ ಮಾಡುತ್ತಿದ್ದೇವೆ. ಈ ತೇವದ ಗಾಳಿಯಲ್ಲಿ ಬರೀ ಸುಣ್ಣ ಗಟ್ಟಿಯಾಗುವುದು ತಡ, ಅದಕ್ಕೆ ಜರಡಿ ಹಿಡಿದ ಇಟ್ಟಿಗೆ ಪುಡಿ ಸ್ವಲ್ಪ ಸೇರಿಸಿದೆವು. ಕರಣೆಯಲ್ಲಿ ತೆಗೆದು ತಿರುವಿ ಹಿಡಿದರೆ ಬೀಳಬಾರದು, ಅದು ಹದ. ಮೊದಲ ಕೋಟು 10 ಮಿಲಿಮೀಟರು, ಬೇಕೆಂದೇ ಒರಟು, ರಂಧ್ರ ರಂಧ್ರ. ನುಣುಪು ಮಾಡಲು ಮೇಸ್ತ್ರಿಗೆ ಕೈ ತುರಿಸುತ್ತಿತ್ತು, ನಾನು ಬಿಡಲಿಲ್ಲ. ಉಪ್ಪು ಬಂದು ಕೂರಲು ಒಳಗೆ ಜಾಗ ಬೇಕು. ರಂಧ್ರ ಇದ್ದಷ್ಟು ದಿನ ಗಿಲಾವು ಬಾಳುತ್ತದೆ, ತುಂಬಿದ ಮೇಲೆ ಕೆರೆದು ಬೇರೆ ಹಾಕುವುದು. ಬಾಗಿಲ ಬಳಿಯ ಕಾಲೊರಸಿನ ಹಾಗೆ ಅದು, ಕೊಳೆಯಾಗಲಿ ಎಂದೇ ಹಾಕುವುದು.

ಒಂದು ವಾರ ಒದ್ದೆ ಗೋಣಿಚೀಲ ನೇತುಹಾಕಿ ಬಿಸಿಲು, ಗಾಳಿ ತಾಗದಂತೆ ನೋಡಿಕೊಂಡೆವು. ಆಮೇಲೆ ಎರಡನೇ ಕೋಟು ತೆಳುವಾಗಿ. ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುವುದು. ತಿಂಗಳಿಗೆ ಸುಮಾರು 1 ಮಿಲಿಮೀಟರು ಎಂದು ಲೆಕ್ಕ. ಬೇಗ ಒಣಗಿಸಿದರೆ ಪುಡಿ ಆಗುತ್ತದೆ. ಮತ್ತೊಂದು ಮಾತು, ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ತಮಾಷೆ ಅಲ್ಲ, ಸುಟ್ಟುಬಿಡುತ್ತದೆ. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ತೊಳೆಯಲು ಶುದ್ಧ ನೀರು ಇಟ್ಟುಕೊಳ್ಳಿ. ನನ್ನ ಮಣಿಕಟ್ಟಿನ ಹತ್ತಿರ ಗ್ಲೌಸಿನೊಳಗೆ ಇಳಿದು ರೂಪಾಯಿಯಷ್ಟಗಲ ಚರ್ಮ ಸುಲಿಯಿತು.

ಮೇಲೆ ಸುಣ್ಣದ ನೀರು, ಹಾಲಿನಷ್ಟು ತೆಳು, ಐದು ಸಲ. ಪ್ರತಿ ಸಲ ಗೋಡೆ ಒದ್ದೆ ಮಾಡಿ ಹೊಡೆಯಬೇಕು, ಹೊಡೆದಾಗ ಏನೂ ಕಾಣುವುದಿಲ್ಲ, ಕೆಲಸ ಮಾಡಿದ್ದೇ ಸುಳ್ಳು ಅನಿಸುತ್ತದೆ, ಮಾರನೇ ದಿನ ಬೆಳಗ್ಗೆ ಬಿಳಿ ಎದ್ದಿರುತ್ತದೆ.

ಗೋಡೆಯಲ್ಲಿ ಒಂದಡಿ ಎತ್ತರದಲ್ಲಿ ಒಂದು ಪ್ಲಗ್ ಪಾಯಿಂಟು ಇತ್ತು. ಬಿಚ್ಚಿದರೆ ಒಳಗಿನ ಕಬ್ಬಿಣದ ಡಬ್ಬಿಯ ತಳವೇ ತುಕ್ಕಿಗೆ ಹೋಗಿತ್ತು, ತಾಮ್ರದ ತಂತಿಗೆ ಹಸಿರು ಕಿಲುಬು. ವಾರಕ್ಕೊಮ್ಮೆ ಕಾರಣವಿಲ್ಲದೆ ಕರೆಂಟು ಟ್ರಿಪ್ ಆಗುತ್ತಿದ್ದದ್ದು ಇದಕ್ಕೇ. 30 ಮಿಲಿಆಂಪಿಯರಿನ ಟ್ರಿಪ್ ಸ್ವಿಚ್ಚು ಇದ್ದದ್ದಕ್ಕೆ ಬಚಾವು. ಪಾಯಿಂಟನ್ನೇ ಎದುರಿನ ಗೋಡೆಗೆ ಸಾಗಿಸಿದೆವು, ಎಲೆಕ್ಟ್ರಿಷಿಯನ್ ಕರೆಸಿ.

ಕಾಟೇಜು ಮುಚ್ಚಿಯೇ ಇದೆಯಲ್ಲ ಎಂದು ಉಳಿದ ಚಿಕ್ಕಪುಟ್ಟ ಕೆಲಸವನ್ನೂ ಹಿಡಿದೆ. ಕಿಟಕಿ ಚಿಲಕದ ಸ್ಕ್ರೂಗಳು. "ಸ್ಟೇನ್‌ಲೆಸ್" ಎಂದೇ ತಂದಿದ್ದೆ, ಒಂದು ವರ್ಷಕ್ಕೆ ಚಹಾ ಕಲೆಯಂಥ ಕಂದು ಬಣ್ಣ. ಅವು 304 ಎಂಬ ದರ್ಜೆಯ ಸ್ಟೀಲ್. ಉಪ್ಪು ಗಾಳಿಗೆ 316 ದರ್ಜೆಯದು ಬೇಕು, ಅದರಲ್ಲಿ ಶೇಕಡ 2ರಿಂದ 3 ಮಾಲಿಬ್ಡಿನಮ್ ಇರುತ್ತದೆ, ಉಪ್ಪಿನಲ್ಲಿರುವ ಕ್ಲೋರೈಡನ್ನು ತಡೆದುಕೊಳ್ಳುತ್ತದೆ. ಅಲ್ಯುಮಿನಿಯಂ ಕಿಟಕಿಗೆ ಸ್ಟೀಲ್ ಸ್ಕ್ರೂ ನೇರ ಹೊಡೆದ ಕಡೆಯೆಲ್ಲ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗಿತ್ತು, ಎರಡು ಬೇರೆ ಲೋಹ, ನಡುವೆ ಉಪ್ಪುನೀರು, ಅದೊಂದು ಪುಟ್ಟ ಬ್ಯಾಟರಿಯೇ. ಈಗ ನಡುವೆ ನೈಲಾನ್ ವಾಷರ್. ಆಶ್ಚರ್ಯ ಅಂದರೆ ಮಳೆ ಬಡಿಯುವ ಕಡೆಯ ಕೀಲುಗಳು ಚೆನ್ನಾಗಿವೆ, ಸೂರಿನಡಿ ಬೆಚ್ಚಗೆ ಇರುವವೇ ಜಾಸ್ತಿ ತುಕ್ಕು ಹಿಡಿದಿವೆ. ಮಳೆ ಉಪ್ಪು ತೊಳೆಯುತ್ತದೆ, ಸೂರಿನಡಿ ತೊಳೆಯುವವರು ಯಾರು? ಈಗ ತಿಂಗಳಿಗೊಮ್ಮೆ ಸಿಹಿನೀರಿನ ಪೈಪು ಹಿಡಿಯುವುದು ನನ್ನ ಕೆಲಸ.

ಅಡುಗೆಮನೆ ಬಗ್ಗೆ ಹೇಳಲೇಬೇಕಾದ್ದು ಒಂದಿದೆ. ಬಂದವರು ತಾವೇ ಅಡುಗೆ ಮಾಡುವ ಮನೆಯಲ್ಲಿ ಒಲೆ ದಿನಕ್ಕೆ ಮೂರು ಹೊತ್ತು ಉರಿಯುತ್ತದೆ. 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ, ಪಾತ್ರೆಯಿಂದ ಏಳುವ ಆವಿ ಬೇರೆ. ಅಷ್ಟೂ ಕುಡಿಯಲು ಪಕ್ಕದ ಕೋಣೆಯಲ್ಲಿ ಉಪ್ಪಿನ ಗೋಡೆ ಬಾಯಿ ತೆರೆದು ಕಾಯುತ್ತಿತ್ತು. ಹೊಗೆ ಎಳೆಯುವ ಫ್ಯಾನು ಇತ್ತು, ಆದರೆ ಸದ್ದಿಗೆ ಯಾರೂ ಹಾಕುತ್ತಿರಲಿಲ್ಲ. ಸದ್ದು ಕಡಿಮೆಯದು ಹಾಕಿ, ಅಡುಗೆಮನೆಯ ಲೈಟಿನ ಜೊತೆಗೇ ಜೋಡಿಸಿ, ಲೈಟು ಆರಿಸಿದ ಮೇಲೂ 15 ನಿಮಿಷ ತಿರುಗುವ ಟೈಮರು ಕೂಡಿಸಿದೆವು. ಈಗ ಯಾರ ಅನುಮತಿಯೂ ಬೇಡ ಅದಕ್ಕೆ.

ಅದೇ ಗಡಿಬಿಡಿಯಲ್ಲಿ ಒಂದು ಅನಾಹುತ ಮಾಡುವವನಿದ್ದೆ. ಒಲೆಯ ಕೆಳಗೆ ನೆಲಕ್ಕೆ ತಾಗಿದಂತೆ ಒಂದು ಗಾಳಿಕಿಂಡಿ ಇದೆ. ಇಲಿ ಬರುತ್ತದೆ ಎಂದು ಅದನ್ನು ಮುಚ್ಚಲು ಸಿಮೆಂಟು ಕಲಸುತ್ತಿದ್ದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ, ಅದು ಹೊರಗೆ ಹೋಗಲೆಂದೇ ಆ ಕಿಂಡಿ ಕೆಳಗಿರುವುದು. ಸಿಲಿಂಡರು ಹೊರಗಿದ್ದರೂ ಪೈಪು, ಒಲೆ ಒಳಗಿವೆಯಲ್ಲ. ಕಲಸಿದ್ದನ್ನು ಬಿಸಾಡಿ, 6 ಮಿಲಿಮೀಟರು ಕಣ್ಣಿನ ಜಾಲರಿ ಹೊಡೆದೆ. ಹೊಲದ ಮನೆಯಲ್ಲಿ ಇಲಿ ಬೇಡ ಅಂದರೆ ಬಿಡುವುದಿಲ್ಲ, ಪೆನ್ಸಿಲ್ಲು ತೂರುವ ಸಂದಿ ಸಿಕ್ಕರೆ ಸುಂಡಿಲಿಗೆ ಸಾಕು. ಪೈಪಿನ ಸುತ್ತ ಮೊದಲು ತುರುಕಿದ್ದ ಉಕ್ಕಿನ ನಾರು ತುಕ್ಕಾಗಿ ಗೋಡೆ ಮೇಲೆ ಕೆಂಪು ಗೆರೆ ಇಳಿದಿತ್ತು, ಈಗ ತಾಮ್ರದ ನಾರು.

ಭಾವನಿಗೆ ಇದೇ ಸಮಯದಲ್ಲಿ ಬಾವಿಗೆ ದೊಡ್ಡ ಪಂಪು ಹಾಕುವ ಆಸೆ ಬಂತು. ಬೇಡ ಅಂದೆ. ಸಮುದ್ರದ ಪಕ್ಕದ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಸಿಹಿನೀರು 1 ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಆಳದವರೆಗೆ ಸಿಹಿ. ಅಂದರೆ ಮೇಲಿನ ಮಟ್ಟ ಒಂದಡಿ ಕುಸಿದರೆ, ಕಾಲಕ್ರಮೇಣ ಕೆಳಗಿನ ಉಪ್ಪು ನಲವತ್ತಡಿ ಏರಬಹುದು. ದೊಡ್ಡ ಪಂಪಿನ ಬದಲು ದೊಡ್ಡ ಟ್ಯಾಂಕು ಇಡಿ, ಚಿಕ್ಕ ಪಂಪು ನಿಧಾನಕ್ಕೆ ತುಂಬಲಿ ಅಂದೆ. ಅರ್ಧ ಒಪ್ಪಿದ್ದಾರೆ.

ಕಾಟೇಜು ತೆರೆದು ಈಗ ಒಂದು ಮಳೆಗಾಲ ಕಳೆದಿದೆ. ಗೋಡೆ ಕನ್ನಡಿ ಹಾಗೇನೂ ಇಲ್ಲ. ಜೋರು ಮಳೆಯ ವಾರಗಳಲ್ಲಿ ಬಣ್ಣ ಸ್ವಲ್ಪ ಮಬ್ಬಾಗುತ್ತದೆ, ಒಣ ಗಾಳಿ ಬಂದರೆ ನೆಲದಿಂದ ಒಂದಡಿ ಎತ್ತರದಲ್ಲಿ ಬಿಳಿ ನವಿರು ಏಳುತ್ತದೆ, ಬೆಕ್ಕಿನ ಮರಿಯ ಕೂದಲಿನ ಹಾಗೆ. ನಾನು ತೊಳೆದಿದ್ದ ಆ ಮೂರಡಿಯಲ್ಲಿ ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಅಕ್ಕ ಒಣ ಬ್ರಶ್ಶಿನಲ್ಲಿ ಗುಡಿಸಿ, ಮೊರಕ್ಕೆ ಹಿಡಿದು, ಒಂದು ಗಾಜಿನ ಜಾಡಿಗೆ ತುಂಬುತ್ತಾಳೆ. ನಾನೇ ಹೇಳಿದ್ದು, ತೂಗಿ ನೋಡೋಣ ಎಂದು. ಮೊದಲ ತಿಂಗಳು 140 ಗ್ರಾಂ, ಮೂರನೇ ತಿಂಗಳು 90, ಹೋದ ತಿಂಗಳು 55. ಹಾಸಿಗೆ ತೇವ ಆಗುತ್ತಿಲ್ಲ. ಮಂಚ ಗೋಡೆಗೆ ತಾಗಿಯೇ ಇದೆ. ಹಳೆ ಚೀಟಿ ಕಿತ್ತು ಬೇರೆ ಅಂಟಿಸಿದ್ದೇವೆ: "ಗೋಡೆಯ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ನಮಗೆ ಹೇಳಿ."

ಜಾಡಿ ಅರ್ಧ ತುಂಬಿದಾಗ ಭಾವ ಎತ್ತಿ ಅಲುಗಾಡಿಸಿ ನೋಡಿದರು. "ನೈಟ್ರೇಟು ಅಂದ್ರೆ ಗೊಬ್ಬರ ತಾನೇ? ನಿಂಬೆ ಗಿಡಕ್ಕೆ ಹಾಕ್ತೀನಿ."

ಅದರಲ್ಲಿ ಸಮುದ್ರದ ಉಪ್ಪೂ ಸೇರಿದೆ, ಗಿಡ ಸುಟ್ಟುಹೋಗುತ್ತದೆ ಅಂದೆ. ಹೂಂ ಅಂದರು. ನಿನ್ನೆ ಬಂದು ನೋಡಿದರೆ ಜಾಡಿ ಖಾಲಿ, ನಿಂಬೆ ಗಿಡದ ಬುಡದಲ್ಲಿ ಯಾರೋ ಎರಡು ಕೊಡ ನೀರು ಸುರಿದ ಗುರುತು. ಅಕ್ಕನೇ ಇರಬೇಕು.